ಮೊದಲ ಕೈಗಳ ಋಣ

ಶಿವಶರಣರ ಹೆಸರುಗಳನ್ನು ಒಮ್ಮೆ ಸಾವಧಾನದಿಂದ ಉಚ್ಚರಿಸಿ ನೋಡಿದರೆ ಒಂದು ವಿಶೇಷವು ಗೋಚರವಾಗುತ್ತದೆ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ, ಮೋಳಿಗೆಯ ಮಾರಯ್ಯ: ಇವರ ಹೆಸರುಗಳಲ್ಲಿ ಅರಮನೆಯ ಬಿರುದಿಲ್ಲ, ಸಿರಿವಂತಿಕೆಯ ಸದ್ದಿಲ್ಲ, ಕೈಯ ಕೆಲಸವೇ ಹೆಸರಿನ ಮೊದಲ ಪದವಾಗಿ ನಿಂತಿದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪುರಾಣಗಳು ಹೇಳುತ್ತವೆ. ಆದರೂ ಲೋಕವು ಅವರನ್ನು ಕಿರೀಟದಿಂದ ನೆನೆಯದೆ ತಲೆಯ ಮೇಲಣ ಸೌದೆಯ ಹೊರೆಯಿಂದಲೇ ನೆನೆಯುತ್ತಿದೆ. ಮಾಡಿದ ಕಾಯಕವು ಮಾಡಿದವರಿಂದ ಬೇರ್ಪಡದಂತೆ ಹೆಸರಿನಲ್ಲಿಯೇ ಕಟ್ಟಿಡುವ ಈ ಪದ್ಧತಿಯ ಹಿಂದೆ ಒಂದು ದೊಡ್ಡ ನ್ಯಾಯಬುದ್ಧಿ ಇದ್ದಿತು.

ಈ ಕಾಲದ ಕಂಪೆನಿಗಳು ಮನುಷ್ಯನಿಗೆ ಹೆಸರಿನ ಜೊತೆಗೆ ಒಂದು ಸಂಖ್ಯೆಯನ್ನೂ ಕೊಡುತ್ತವೆ. ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ೧೯೭೬ನೆಯ ಏಪ್ರಿಲ್ ೧ರಂದು ಸ್ಟೀವ್ ಜಾಬ್ಸ್, ಸ್ಟೀವ್ ವಾಜ್ನಿಯಾಕ್, ರೊನಾಲ್ಡ್ ವೇಯ್ನ್ ಎಂಬ ಮೂವರು ಕೂಡಿ ಆಪಲ್ ಎಂಬ ಕಂಪ್ಯೂಟರು ಕಂಪೆನಿಯನ್ನು ಆರಂಭಿಸಿದರು. ಮೂರನೆಯವರು ಸಾಲದ ಹೊಣೆಗೆ ಅಂಜಿ ಹನ್ನೆರಡೇ ದಿನಗಳಲ್ಲಿ ನೂರಕ್ಕೆ ಹತ್ತರಷ್ಟಿದ್ದ ತಮ್ಮ ಪಾಲನ್ನು ೮೦೦ ಡಾಲರಿಗೆ ಬಿಟ್ಟುಕೊಟ್ಟು ಹೊರಬಂದರು. ಮುಂದೆ ಕಂಪೆನಿಗೆ ಅಧ್ಯಕ್ಷರಾಗಿ ಬಂದ ಮೈಕೆಲ್ ಸ್ಕಾಟ್ ಎಂಬವರು ನೌಕರರಿಗೆಲ್ಲ ಎದೆಬಿಲ್ಲೆಗಳನ್ನು ಹಂಚುವಾಗ ವಾಜ್ನಿಯಾಕರಿಗೆ ೧, ಜಾಬ್ಸರಿಗೆ ೨ ಎಂದು ಸಂಖ್ಯೆ ಹಾಕಿದರು. ಜಾಬ್ಸರು ಇದಕ್ಕೆ ಒಪ್ಪಲಿಲ್ಲ. ೧ ಸಿಗದೆಂದು ತಿಳಿದಾಗ ತಮಗೆ ಸೊನ್ನೆಯನ್ನು ಕೇಳಿ ಪಡೆದರು. ಸಂಬಳ ಬಟವಾಡೆಯ ಲೆಕ್ಕದಲ್ಲಿ ಸೊನ್ನೆಗೆ ಸ್ಥಳವಿಲ್ಲದ್ದರಿಂದ ಅಲ್ಲಿ ಮಾತ್ರ ಅವರು ಎರಡನೆಯವರಾಗಿಯೇ ಉಳಿದರು. ಶರಣರು ಶೂನ್ಯವನ್ನು ಅರಸಿದ್ದು ‘ನಾನು’ ಎಂಬುದು ಅಳಿಯಲೆಂದು. ಇಲ್ಲಿ ಅದೇ ಸೊನ್ನೆಯು ಎಲ್ಲರಿಗಿಂತ ಮುಂದೆ ನಿಲ್ಲುವ ಉಪಾಯವಾಯಿತು!

ಈ ಸಂಖ್ಯೆಗಳ ಸಾಲಿನಲ್ಲಿ ೪ನೆಯವರು ಬಿಲ್ ಫರ್ನಾಂಡಿಸ್. ಇಬ್ಬರು ಸ್ಟೀವರನ್ನೂ ಒಬ್ಬರಿಗೊಬ್ಬರು ಪರಿಚಯ ಮಾಡಿಸಿದವರು ಇವರೇ. ೮ನೆಯವರು ಕ್ರಿಸ್ ಎಸ್ಪಿನೋಸಾ. ಬಂದಾಗ ಇನ್ನೂ ಶಾಲೆಯ ಹುಡುಗ. ೧೨ನೆಯವರು ಡೇನಿಯಲ್ ಕಾಟ್ಕಿ. ಈ ಕಾಟ್ಕಿಯವರು ಜಾಬ್ಸರ ಕಾಲೇಜಿನ ಸ್ನೇಹಿತರು. ೧೯೭೪ರಲ್ಲಿ ಅಧ್ಯಾತ್ಮದ ಹಂಬಲದಿಂದ ಜಾಬ್ಸರು ಭಾರತಕ್ಕೆ ಬಂದಾಗ ಇಲ್ಲಿ ಜೊತೆಗೆ ಅಲೆದವರು. ೧೯೭೬ರ ಬೇಸಗೆಯಲ್ಲಿ ಜಾಬ್ಸರ ತಂದೆತಾಯಿಗಳ ಮನೆಯಲ್ಲಿ ಕುಳಿತು, ಕಂಪೆನಿಯ ಮೊಟ್ಟಮೊದಲ ಯಂತ್ರದ ಹಲಗೆಗಳನ್ನು ಗಂಟೆಯ ಲೆಕ್ಕದ ಕೂಲಿಗೆ ಜೋಡಿಸಿಕೊಟ್ಟವರು.

ನಾಲ್ಕು ವರ್ಷಗಳಲ್ಲಿ ಆ ಮನೆಯ ಉದ್ಯೋಗವು ಮಹಾಕಂಪೆನಿಯಾಯಿತು. ೧೯೮೦ನೆಯ ಡಿಸೆಂಬರ್ ೧೨ರಂದು ಅದರ ೪೬ ಲಕ್ಷ ಷೇರುಗಳನ್ನು ಒಂದಕ್ಕೆ ೨೨ ಡಾಲರಿನಂತೆ ಸಾರ್ವಜನಿಕರಿಗೆ ಮಾರಲಾಯಿತು. ಸಂಜೆಯ ವೇಳೆಗೆ ಬೆಲೆ ೨೯ ಡಾಲರಿಗೆ ಏರಿದ್ದಿತು. ಒಂದೇ ದಿನದಲ್ಲಿ ಅನೇಕರು ಲಕ್ಷಾಧೀಶ್ವರರಾದರು. ಹಲಗೆ ಜೋಡಿಸಿದ ಕಾಟ್ಕಿಯವರ ಹೆಸರಿನಲ್ಲಿ ಕಂಪೆನಿಯು ಬರೆದ ಒಂದು ಷೇರೂ ಇರಲಿಲ್ಲ. ಕಾರಣವು ಸರಳವಾದದ್ದು: ಷೇರಿನ ಹಕ್ಕು ತಿಂಗಳ ಸಂಬಳದ ಇಂಜಿನಿಯರುಗಳಿಗೆ, ಕಾಟ್ಕಿಯವರು ಗಂಟೆಗೂಲಿಯವರು. ರಾಡ್ ಹೋಲ್ಟ್ ಎಂಬ ಹಿರಿಯ ಇಂಜಿನಿಯರರು ಜಾಬ್ಸರ ಬಳಿಗೆ ಹೋಗಿ, ತಾವೊಂದಿಷ್ಟು ಕೊಡುವುದಾಗಿಯೂ ಅಷ್ಟನ್ನೇ ಅವರೂ ಕೊಡಬೇಕೆಂದೂ ಕೇಳಿಕೊಂಡರು. ಜಾಬ್ಸರು ಒಪ್ಪಲಿಲ್ಲ.

ಇಷ್ಟನ್ನು ಕೇಳಿದೊಡನೆ ಒಬ್ಬನನ್ನು ಕ್ರೂರಿಯೆಂದು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ವಿಷಯವು ತಿಳಿಯುವುದಿಲ್ಲ. ದುರುಳನೊಬ್ಬನೂ ಇಲ್ಲದ ಕಂಪೆನಿಯಲ್ಲಿಯೂ ಇದು ನಡೆಯುತ್ತದೆ. ಹೇಗೆಂಬುದನ್ನು ಗೃಹಸ್ಥರು ಅರಿತಿರುವುದು ಒಳ್ಳೆಯದು. ಏಕೆಂದರೆ ಇಂದು ಅನೇಕ ಭಕ್ತರ ಮನೆಯ ಮಕ್ಕಳು ಇಂತಹ ಕಂಪೆನಿಗಳ ಬಾಗಿಲಲ್ಲಿಯೇ ನಿಂತಿದ್ದಾರೆ.

ಹೊಸದಾಗಿ ಹುಟ್ಟಿದ ಕಂಪೆನಿಯ ಬಳಿ ಹಣವಿರುವುದಿಲ್ಲ. ಆದುದರಿಂದ ಅದು ಮೊದಲ ಕೆಲಸಗಾರರಿಗೆ ಸಂಬಳವನ್ನು ಕಡಿಮೆ ಕೊಟ್ಟು ಉಳಿದುದನ್ನು ಷೇರಿನ ರೂಪದ ಭರವಸೆಯಾಗಿ ಕೊಡುತ್ತದೆ. ನೂರು ಪಾಲುಗಳ ಕಂಪೆನಿಯಲ್ಲಿ ಒಬ್ಬನಿಗೆ ಒಂದು ಪಾಲು ಸಿಕ್ಕಿತೆಂದಿಟ್ಟುಕೊಳ್ಳಬಹುದು. ಬಂಡವಾಳ ಹಾಕುವವರು ಬಂದಾಗ ಅವರಿಗಾಗಿ ಇಪ್ಪತ್ತೈದು ಹೊಸ ಪಾಲುಗಳು ಹುಟ್ಟುತ್ತವೆ. ನೂರರಲ್ಲಿ ಒಂದಾಗಿದ್ದುದು ನೂರಿಪ್ಪತ್ತೈದರಲ್ಲಿ ಒಂದಾಗುತ್ತದೆ. ಮುಂದೆ ಮತ್ತೊಬ್ಬರು, ಮಗುದೊಬ್ಬರು. ಬೆಲ್ಲದ ಅಚ್ಚು ದೊಡ್ಡದಾದಂತೆ ತುಣುಕು ಚಿಕ್ಕದಾದರೂ ಸಿಹಿಯು ಹೆಚ್ಚಬಹುದು, ಆದುದರಿಂದ ಇದನ್ನೇ ಮೋಸವೆನ್ನಲಾಗದು. ಆದರೆ ಕಂಪೆನಿಯನ್ನು ಕಡಿಮೆ ಬೆಲೆಗೆ ಮಾರುವ ಪ್ರಸಂಗ ಬಂದರೆ, ಬಂಡವಾಳ ಹಾಕಿದವರು ಕರಾರಿನಂತೆ ತಮ್ಮ ಹಣವನ್ನು ಮೊದಲು ಎತ್ತಿಕೊಳ್ಳುವುದುಂಟು. ಆಗ ಕೆಲಸಗಾರನ ಪಾಲಿಗೆ ಉಳಿಯುವುದು ಪಾತ್ರೆಯ ತಳದ ಸೀಕು ಮಾತ್ರ. ಮತ್ತೆ ಈ ಷೇರುಗಳು ಒಮ್ಮೆಗೇ ಕೈಸೇರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಹಕ್ಕು ಕೂಡುತ್ತದೆ. ಮೊದಲ ವರ್ಷ ತುಂಬುವುದರೊಳಗೆ ಬಿಟ್ಟರೆ ಏನೂ ಇಲ್ಲ. ಬಿಟ್ಟುಹೋಗುವವನು ಅನೇಕ ಕಡೆ ಮೂರೇ ತಿಂಗಳೊಳಗಾಗಿ ಕೈಯಿಂದ ಹಣ ಕೊಟ್ಟು ಕೊಳ್ಳಬೇಕು, ಇಲ್ಲವಾದರೆ ಕೂಡಿದ ಹಕ್ಕೂ ಕರಗುತ್ತದೆ. ಭಾರತದಲ್ಲಿ ಹಾಗೆ ಕೊಂಡ ಷೇರು ಮಾರಾಟವಾಗದಿದ್ದರೂ, ಕೊಟ್ಟ ಹಣಕ್ಕೂ ಅದರ ಬೆಲೆಗೂ ಇರುವ ಅಂತರವನ್ನು ಸಂಬಳದ ಆದಾಯವೆಂದು ಎಣಿಸಿ ತೆರಿಗೆ ಹಾಕಲಾಗುತ್ತದೆ. ಹೀಗಾಗಿ ಐದಾರು ವರ್ಷ ನಿದ್ದೆಗೆಟ್ಟು ದುಡಿದವನು ಹೊರಡುವ ಹೊತ್ತಿಗೆ, ತನ್ನದೆಂದು ಬರೆದುದನ್ನು ಪಡೆಯಲು ಸಾಲ ಮಾಡಬೇಕಾಗುತ್ತದೆ. ಸಾಲ ಹುಟ್ಟದವನು ಕಾಗದವನ್ನು ಮಡಚಿಟ್ಟು ಹೋಗುತ್ತಾನೆ.

ಇದು ಹಣದ ಮಾತಾಯಿತು. ಹಣಕ್ಕಿಂತ ಆಳವಾಗಿ ನಾಟುವ ನೋವು ಬೇರೊಂದಿದೆ. ಹತ್ತು ಜನರಿರುವಾಗ ಎಲ್ಲ ಕೆಲಸಕ್ಕೂ ಕೈಹಾಕುವವನೇ ರತ್ನ. ಅವನು ಯಂತ್ರವನ್ನೂ ರಿಪೇರಿ ಮಾಡುತ್ತಾನೆ, ಗಿರಾಕಿಗೂ ಉತ್ತರ ಕೊಡುತ್ತಾನೆ, ಬಾಗಿಲಿನ ಕೀಲಿಯೂ ಅವನ ಸೊಂಟದಲ್ಲಿಯೇ ಇರುತ್ತದೆ. ಲೆಕ್ಕವೆಲ್ಲ ಅವನ ತಲೆಯಲ್ಲಿದೆ. ಕಾಗದದ ಅವಶ್ಯಕತೆಯೇ ಬೀಳುವುದಿಲ್ಲ. ಐನೂರು ಜನರಾದಾಗ ಅದೇ ಗುಣವು ದೋಷವಾಗಿ ತೋರುತ್ತದೆ. ಈಗ ಬೇಕಾದವನು ಒಂದೇ ಕೆಲಸವನ್ನು ಕ್ರಮಬದ್ಧವಾಗಿ ಮಾಡಿ, ಬರೆದಿಟ್ಟು, ಇನ್ನೊಬ್ಬನಿಗೆ ಒಪ್ಪಿಸಬಲ್ಲವನು. ಹೊರಗಿನಿಂದ ಅಂತಹವನನ್ನು ಕರೆತಂದು ಹಳಬನ ಮೇಲೆ ಕೂರಿಸುತ್ತಾರೆ. ಹಿಂದೆ ಮೇಜಿನ ಆಚೆಯಿಂದ ಹೆಸರು ಹಿಡಿದು ಕೂಗುತ್ತಿದ್ದ ಯಜಮಾನನನ್ನು ಈಗ ಕಾಣಬೇಕಾದರೆ ಮೂವರ ಅನುಮತಿ ಬೇಕು. ಯಾರೂ ಅವಮಾನ ಮಾಡಿಲ್ಲ, ಆದರೂ ಅವಮಾನವಾಗಿದೆ. ಮನೆಯಲ್ಲಿ ಹೆಂಡತಿಗೆ ಹೇಳೋಣವೆಂದರೆ ದೂರಲು ಒಬ್ಬನ ಹೆಸರೂ ಸಿಗುವುದಿಲ್ಲ.

ಆಪಲ್ ಕಂಪೆನಿಯಲ್ಲಿ ೧೯೮೧ನೆಯ ಫೆಬ್ರವರಿ ೨೫ರಂದು, ಸಾರ್ವಜನಿಕ ಮಾರಾಟವಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಅಧ್ಯಕ್ಷ ಸ್ಕಾಟರು ಸುಮಾರು ನಲವತ್ತು ಜನರನ್ನು ಒಂದೇ ದಿನ ಕೆಲಸದಿಂದ ತೆಗೆದರು. ಅವರಲ್ಲಿ ಅನೇಕರು ಕಂಪೆನಿಗೆ ಅನ್ನ ಹಾಕುತ್ತಿದ್ದ ‘ಆಪಲ್ ಎರಡು’ ಎಂಬ ಯಂತ್ರದ ಕೆಲಸದವರು. ಕೆಲವೇ ದಿನಗಳಲ್ಲಿ ಸ್ಕಾಟರ ಅಧ್ಯಕ್ಷಸ್ಥಾನವೂ ಹೋಯಿತು. ೧೯೮೫ರಲ್ಲಿ ಜಾಬ್ಸರೂ ತಾವೇ ಕಟ್ಟಿದ ಕಂಪೆನಿಯಿಂದ ಹೊರಬೀಳಬೇಕಾಯಿತು. ಸೊನ್ನೆಯ ಬಿಲ್ಲೆಯೂ ಕಾಯಲಿಲ್ಲ.

ಇನ್ನು ವಾಜ್ನಿಯಾಕರು ಮಾಡಿದ ಕೆಲಸವನ್ನು ಹೇಳಬೇಕು. ಕಂಪೆನಿಯ ಮೊದಲ ಯಂತ್ರಗಳನ್ನು ರೂಪಿಸಿದವರು ಅವರು. ಸಾರ್ವಜನಿಕ ಮಾರಾಟಕ್ಕೆ ಮುನ್ನ ಅವರು ತಮ್ಮ ಸ್ವಂತ ಷೇರುಗಳಲ್ಲಿ ಒಂದು ಭಾಗವನ್ನು ಬಹಳ ಕಡಿಮೆ ಬೆಲೆಗೆ, ಕಂಪೆನಿಯು ಕಡೆಗಣಿಸಿದ್ದ ಅನೇಕ ನೌಕರರಿಗೆ ಮಾರಿದರು. ಮೊದಲ ದಿನಗಳಿಂದ ಜೊತೆಗಿದ್ದ ಕಾಟ್ಕಿ, ಫರ್ನಾಂಡಿಸ್, ಎಸ್ಪಿನೋಸಾ ಮೊದಲಾದವರಿಗೆ ಬೆಲೆಯನ್ನೇ ತೆಗೆದುಕೊಳ್ಳದೆ ಕೊಟ್ಟರು. ಕೆಲವರು ಇದನ್ನು ಹೊಗಳಿದರು. ಹಣದ ಬೆಲೆಯರಿಯದ ಹುಡುಗಾಟವೆಂದವರೂ ಉಂಟು.

ಇದನ್ನು ದಾನವೆನ್ನಬೇಕೆ? ಇಲ್ಲಿ ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯನ್ನು ನೆನೆಯುವುದು ಉಚಿತ. ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ಒಯ್ದು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ದುರಾಸೆಯ ಖಂಡನೆಯೆಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಅದಕ್ಕಿಂತ ಸೂಕ್ಷ್ಮವಾದ ಅಂಶವೊಂದು ಇದರಲ್ಲಿದೆ. ಆ ತಾಯಿಯು ಹೆಚ್ಚಿನ ಅಕ್ಕಿಯನ್ನು ಬಾಗಿಲಿಗೆ ಬಂದ ಬೇರೊಬ್ಬರಿಗೆ ನೀಡಿಬಿಡಿರೆಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಪುಣ್ಯವೂ ಬರುತ್ತಿತ್ತು, ಹೆಸರೂ ಬರುತ್ತಿತ್ತು. ತಮ್ಮದಲ್ಲದ ವಸ್ತುವನ್ನು ದಾನ ಮಾಡಲು ತಮಗೆ ಅಧಿಕಾರವಿಲ್ಲವೆಂಬುದು ಅವರ ನಿಲುವು. ಎಲ್ಲಿಯದೋ ಅಲ್ಲಿಗೆ ಅದು ಹಿಂದಿರುಗಬೇಕು.

ವಾಜ್ನಿಯಾಕರ ಕೃತ್ಯವನ್ನು ಈ ಬೆಳಕಿನಲ್ಲಿ ನೋಡಿದರೆ ಅದು ಕೊಡುಗೆಯಾಗಿರದೆ ಹಿಂದಿರುಗಿಸುವಿಕೆಯಾಗಿತ್ತು. ಹಲಗೆ ಜೋಡಿಸಿದ ಕೈಯ ಶ್ರಮವು ಷೇರಿನ ಬೆಲೆಯೊಳಗೆ ಸೇರಿಹೋಗಿ, ಬರಹದ ದೋಷದಿಂದ ಬೇರೆಯವರ ಹೆಸರಿನಲ್ಲಿ ಕುಳಿತಿದ್ದಿತು. ಅದನ್ನು ಅವರು ಎತ್ತಿ ಸಲ್ಲಬೇಕಾದಲ್ಲಿಗೆ ಸಲ್ಲಿಸಿದರು. ಆದರೆ ಇದರಲ್ಲಿಯೂ ಒಂದು ಕೊರತೆಯಿದೆ, ಅದು ಅವರ ಕೊರತೆಯಲ್ಲ. ಎಲ್ಲರ ಮೇಲಿದ್ದ ಸಾಲವನ್ನು ಒಬ್ಬರ ಜೇಬು ತೀರಿಸಿತು. ಕಂಪೆನಿಯ ಪುಸ್ತಕದಲ್ಲಿ ಆ ಸಾಲವು ಕೊನೆಗೂ ಬರೆಯಲ್ಪಡಲೇ ಇಲ್ಲ. ವಾಜ್ನಿಯಾಕರಂತಹ ಮನಸ್ಸಿನ ಒಬ್ಬರು ಅಲ್ಲಿ ಇಲ್ಲದಿದ್ದರೆ? ಕಾಯಕದ ಫಲವು ಇನ್ನೊಬ್ಬರ ಹೃದಯವೈಶಾಲ್ಯವನ್ನು ಕಾದು ಕುಳಿತರೆ, ದುಡಿದವನು ಸ್ವತಂತ್ರನಾಗಿದ್ದರೂ ಬೇಡುವವನಂತೆ ಬಾಗಬೇಕಾಗುತ್ತದೆ. ಬಾಗಿ ಪಡೆದುದಕ್ಕೆ ದಾಸೋಹವೆಂಬ ಹೆಸರು ಸಲ್ಲುವುದಿಲ್ಲ. ದಾಸೋಹದಲ್ಲಿ ಬಾಗುವವನು ನೀಡುವವನು.

ಕರ್ನಾಟಕದ ಭಕ್ತರಿಗೆ ಇದು ಕಡಲಾಚೆಯ ಸುದ್ದಿಯಾಗಿ ಉಳಿದಿಲ್ಲ. ಏಳು ಜನ ಕೂಡಿ ೧೯೮೧ರಲ್ಲಿ ಪುಣೆಯಲ್ಲಿ ಆರಂಭಿಸಿ ೧೯೮೩ರಲ್ಲಿ ಬೆಂಗಳೂರಿಗೆ ತಂದ ಇನ್ಫೋಸಿಸ್ ಕಂಪೆನಿಯು ೧೯೯೩ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ೧೯೯೪ರಲ್ಲಿ, ಷೇರಿನ ಬೆಲೆ ಇನ್ನೂ ಗಗನಕ್ಕೆ ಏರುವ ಮುನ್ನವೇ, ನೌಕರರಿಗೂ ಷೇರು ನೀಡುವ ಯೋಜನೆಯನ್ನು ಬರಹದಲ್ಲಿ ತಂದಿತು. ‘ಮುನ್ನವೇ’ ಎಂಬ ಮಾತನ್ನು ಗಮನಿಸಬೇಕು. ರಾಶಿ ಚಿಕ್ಕದಾಗಿದ್ದಾಗ ಪಾಲು ಬರೆಯುವುದು ಯಾರಿಗೂ ಕಷ್ಟವಲ್ಲ. ಕೊಳಗ ಅಳೆಯುವಾಗ ಕಣ್ಣು ಕುಕ್ಕುವುದಿಲ್ಲ. ರಾಶಿಯು ಬೆಟ್ಟವಾದ ಮೇಲೆ ಧರ್ಮಿಷ್ಠನ ಕೈಯೂ ನಡುಗುತ್ತದೆ. ಅಂದಿನಿಂದ ಬೆಂಗಳೂರಿನಲ್ಲಿ ಸಣ್ಣ ಸಣ್ಣ ಕಂಪೆನಿಗಳು ಸಾವಿರಗಟ್ಟಲೆ ಎದ್ದಿವೆ. ಮಗನೋ ಮಗಳೋ ಹಬ್ಬಕ್ಕೆ ಊರಿಗೆ ಬಂದು, ‘ಅಪ್ಪಾ, ಸಂಬಳ ಸ್ವಲ್ಪ ಕಡಿಮೆ, ಆದರೆ ಪಾಲು ಕೊಡುತ್ತಾರಂತೆ’ ಎಂದಾಗ ತಂದೆಯು ಕೇಳಬೇಕಾದ ಮಾತುಗಳು ಕೆಲವಿವೆ. ಕೊಡುತ್ತೇವೆಂದುದು ಬಾಯಿಮಾತೋ, ಕಾಗದವೋ? ಎಷ್ಟರಲ್ಲಿ ಎಷ್ಟು? ಬಿಟ್ಟು ಬರುವ ದಿನ ಏನು ಗತಿ? ಇವನ್ನು ಕೇಳುವುದು ಲೋಭವೆಂದು ಸಂಕೋಚಪಡುವ ಕಾರಣವಿಲ್ಲ. ಕಲ್ಯಾಣದ ಭಂಡಾರವನ್ನು ನೋಡಿಕೊಂಡ ಬಸವಣ್ಣನವರು ಲೆಕ್ಕವನ್ನು ಎಂದೂ ಅಧ್ಯಾತ್ಮಕ್ಕೆ ಹೊರಗಿನದೆಂದು ಎಣಿಸಿದವರಲ್ಲ.

ಇಷ್ಟು ಹೇಳಿದ ಮೇಲೆ ಹಳಬರ ಕಡೆಯ ದೋಷವನ್ನು ಮುಚ್ಚಿಡುವುದು ಸರಿಯಲ್ಲ. ಮೊದಲು ಬಂದವನಿಗೆ ಮೊದಲು ಬಂದುದೇ ಒಂದು ಬಿರುದಾಗುವ ಅಪಾಯವಿದೆ. ಬಾಡಿಗೆಯ ಕೋಣೆಯಲ್ಲಿ ಚಹಾ ಕುಡಿಯುತ್ತ ಬೆಳಗು ಮಾಡಿದ ದಿನಗಳನ್ನು ಅವನು ಮೂರ್ತಿಯಂತೆ ಸ್ಥಾಪಿಸಿ ಪೂಜಿಸತೊಡಗುತ್ತಾನೆ. ಹೊಸಬನು ಒಂದು ಮಾತು ಕೇಳಿದರೆ ‘ನೀನು ಹುಟ್ಟುವ ಮೊದಲೇ’ ಎಂದು ಆರಂಭಿಸುತ್ತಾನೆ. ಕಲಿಯಬೇಕಾದುದನ್ನು ಕಲಿಯುವುದಿಲ್ಲ, ಬಿಡಬೇಕಾದ ಕೀಲಿಯನ್ನು ಬಿಡುವುದಿಲ್ಲ. ಸ್ಥಾವರವೆಂಬುದು ಕಲ್ಲಿನಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಕಚೇರಿಯ ಕುರ್ಚಿಯಲ್ಲಿಯೂ ಅದು ನೆಲೆಗೊಳ್ಳುತ್ತದೆ. ಅನುಭವಮಂಟಪವನ್ನು ಕಟ್ಟಿ ನಿಲ್ಲಿಸಿದವರು ಬಸವಣ್ಣನವರು. ಅದರ ಶೂನ್ಯಸಿಂಹಾಸನವನ್ನು ಏರಿದವರು ಮಾತ್ರ ಹೊರಗಿನಿಂದ, ಅದೂ ತಡವಾಗಿ ಬಂದ ಪ್ರಭುದೇವರು. ಅಲ್ಲಿ ಮೊದಲಿನಿಂದಲೂ ದುಡಿದ ಶರಣರು ಎಷ್ಟೋ ಜನರಿದ್ದರು. ಪೀಠವು ಸೇವೆಯ ವರ್ಷಗಳನ್ನು ಎಣಿಸಿ ಕೊಡುವ ವಸ್ತುವಾಗಿರಲಿಲ್ಲ. ಹಾಗೆಂದು ಪೀಠ ಸಿಗದ ಹಡಪದ ಅಪ್ಪಣ್ಣನವರು ಬಸವಣ್ಣನವರ ಬಳಿಯಿಂದ ದೂರ ಸರಿಯಲೂ ಇಲ್ಲ, ಅವರ ಗೌರವಕ್ಕೆ ಎಳ್ಳಷ್ಟು ಕುಂದು ಬರಲೂ ಇಲ್ಲ. ಪದವಿ ಬೇರೆ, ಋಣ ಬೇರೆ. ಪದವಿಯನ್ನು ಯೋಗ್ಯತೆ ನೋಡಿ ಹೊಸಬನಿಗೆ ಕೊಡಬಹುದು. ಋಣವನ್ನು ಮಾತ್ರ ಹಳಬನಿಗೇ ಸಲ್ಲಿಸಬೇಕು. ಕಂಪೆನಿಗಳಲ್ಲಿ ಇವೆರಡೂ ಕಲಸಿಹೋಗುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ. ಋಣ ತೀರಿಸಲಾರದ ಯಜಮಾನನು ಹಳಬನಿಗೆ ಅವನು ನಿರ್ವಹಿಸಲಾರದ ದೊಡ್ಡ ಹುದ್ದೆಯೊಂದನ್ನು ಕೊಟ್ಟು ಸಮಾಧಾನಪಡಿಸುತ್ತಾನೆ. ಎರಡು ವರ್ಷಗಳ ಮೇಲೆ, ನಿರ್ವಹಿಸಲಿಲ್ಲವೆಂಬ ಕಾರಣವನ್ನೇ ಹೇಳಿ ಹೊರಗೆ ಕಳುಹಿಸುತ್ತಾನೆ.

ಭಕ್ತರಲ್ಲಿ ನೌಕರರಿರುವಂತೆ ಯಜಮಾನರೂ ಬಹಳ ಜನರಿದ್ದಾರೆ. ಅಡತಿ ಅಂಗಡಿ, ಬಟ್ಟೆಯಂಗಡಿ, ಎಣ್ಣೆಯ ಗಿರಣಿಗಳನ್ನು ಎರಡು ಮೂರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮನೆತನಗಳಿಗೆ ಷೇರಿನ ಮಾತು ಹೊಸದಾದರೂ ಈ ನೋವು ಹೊಸದಲ್ಲ. ಒಂದೇ ಬಾಗಿಲಿನ ಅಂಗಡಿಯಿದ್ದಾಗ ಬಂದ ಗುಮಾಸ್ತನು ಮೂವತ್ತು ವರ್ಷ ಖಾತೆ ಬರೆದಿರುತ್ತಾನೆ. ಯಾವ ರೈತನ ಮಾತು ನಂಬತಕ್ಕದ್ದು, ಯಾರಿಗೆ ಉದ್ರಿ ಕೊಡಬಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ. ಅಂಗಡಿಯು ನಾಲ್ಕು ಬಾಗಿಲಾಗಿ, ಮಗನು ಓದಿ ಬಂದು ಕಂಪ್ಯೂಟರನ್ನು ಇರಿಸಿದ ದಿನ ಆ ಗುಮಾಸ್ತನ ಪೆನ್ನಿಗೆ ಕೆಲಸ ತಪ್ಪುತ್ತದೆ. ಅವನನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿ, ಬಂದವರಿಗೆ ಚಹಾ ತರಿಸುವ ಕೆಲಸವನ್ನು ಕೊಡುತ್ತಾರೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಒಂದು ಧೋತರ, ಒಂದು ಲಕೋಟೆ. ಯಜಮಾನನಿಗೆ ಇದು ಔದಾರ್ಯವಾಗಿ ಕಾಣುತ್ತದೆ.

ದೇಶದ ಕಾನೂನು ಈ ವಿಷಯದಲ್ಲಿ ಯಜಮಾನನಿಗಿಂತ ಸ್ಪಷ್ಟವಾಗಿ ಮಾತನಾಡಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ ಕಾರ್ಖಾನೆಗಳಲ್ಲಿ ಐದು ವರ್ಷ ಸೇವೆ ಸಲ್ಲಿಸಿದವನು ಬಿಡುವಾಗ, ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸಂಬಳದಂತೆ ಗ್ರಾಚ್ಯುಯಿಟಿಯನ್ನು ಪಡೆಯತಕ್ಕದ್ದೆಂಬ ಹಕ್ಕು ೧೯೭೨ರ ಕಾಯಿದೆಯಿಂದ ಬಂದಿತು. ಆ ಪದದ ಮೂಲಾರ್ಥವು ಕೃಪೆಯಿಂದ ಕೊಟ್ಟದ್ದು ಎಂದು. ಹೆಸರಿನಲ್ಲಿ ಕೃಪೆಯೆಂದು ಉಳಿದರೂ ಕಾನೂನಿನಲ್ಲಿ ಅದು ಋಣವಾಗಿದೆ. ಎಂಟೇ ಜನರಿರುವ ಅಂಗಡಿಯ ಯಜಮಾನನಿಗೆ ಕಾನೂನಿನ ಬಲವಂತವಿಲ್ಲದಿರಬಹುದು; ಆದರೆ ಪ್ರತಿ ವರ್ಷ ಗುಮಾಸ್ತನ ಹೆಸರಿನಲ್ಲಿ ಅಷ್ಟು ಹಣವನ್ನು ಬೇರೆ ಖಾತೆಗೆ ಹಾಕಿ, ಅದನ್ನು ಅವನಿಗೆ ತೋರಿಸುವುದಕ್ಕೆ ಯಾವ ಕಾನೂನು ಬೇಕು? ಹೊಸ ಯಂತ್ರದ ಮುಂದೆ ಅವನನ್ನು ಆರು ತಿಂಗಳು ಕೂರಿಸಿ ಕಲಿಸಲು ಮಗನಿಗೆ ಹೇಳುವುದಕ್ಕೆ ಎಷ್ಟು ಖರ್ಚು? ಕಲಿಯಲಾರೆನೆಂದು ಅವನೇ ಹೇಳಿದರೆ, ಉದ್ರಿಯ ವಸೂಲಿಯಲ್ಲಿ ಅವನಿಗೆ ತಿಳಿದಷ್ಟು ಆ ಯಂತ್ರಕ್ಕೆ ತಿಳಿದಿಲ್ಲವೆಂಬುದನ್ನಾದರೂ ಮಗನಿಗೆ ತಿಳಿಹೇಳಬಹುದು.

ಆಪಲ್ ಕಂಪೆನಿಯ ಮೊದಲಿಗರು ಮುಂದೆ ಏನಾದರೆಂಬುದನ್ನೂ ಹೇಳಿಬಿಡಬೇಕು. ಫರ್ನಾಂಡಿಸರು ಕೆಲ ಕಾಲದಲ್ಲಿಯೇ ಬಿಟ್ಟುಹೋಗಿ, ಮತ್ತೆ ಬಂದು ಸೇರಿದರು. ಶಾಲೆಯ ಹುಡುಗನಾಗಿ ಬಂದ ಎಸ್ಪಿನೋಸಾ ನಾಲ್ಕು ದಶಕಗಳಿಗೂ ಮೀರಿ ಅಲ್ಲಿಯೇ ದುಡಿದರು. ಷೇರು ಸಿಗದಿದ್ದ ಕಾಟ್ಕಿಯವರೂ ಕೂಡಲೇ ಬಿಡದೆ, ಕಂಪೆನಿಯ ಹೊಸ ಯಂತ್ರವಾದ ಮ್ಯಾಕಿಂಟಾಷ್ ತಂಡದಲ್ಲಿ ಕೆಲಸ ಮಾಡಿದರು. ಆ ಯಂತ್ರವನ್ನು ಕಟ್ಟಿದವರೆಲ್ಲರೂ ಒಂದು ಹಾಳೆಯ ಮೇಲೆ ಸಹಿ ಮಾಡಬೇಕೆಂದು ಜಾಬ್ಸರೇ ಸೂಚಿಸಿದರು. ಆ ಸಹಿಗಳನ್ನು ಯಂತ್ರದ ಕವಚದ ಒಳಮೈಯಲ್ಲಿ ಅಚ್ಚು ಹೊಯ್ಯಲಾಯಿತು. ೧೯೮೪ರಲ್ಲಿ ಅದು ಮಾರಾಟಕ್ಕೆ ಬಂದಾಗ ಕೊಂಡವರ ಕಣ್ಣಿಗೆ ಬೀಳದಂತೆ ಆ ಹೆಸರುಗಳು ಒಳಗೆ ಇದ್ದವು. ಜಾಬ್ಸ್, ವಾಜ್ನಿಯಾಕ್, ಹೋಲ್ಟ್, ಫರ್ನಾಂಡಿಸ್, ಎಸ್ಪಿನೋಸಾ, ಕಾಟ್ಕಿ ಎಲ್ಲರವೂ ಅಲ್ಲಿವೆ. ಯಾರ ಹೆಸರಿನ ಮುಂದೆಯೂ ಸಂಖ್ಯೆಯಿಲ್ಲ.